ಏಳು ವಾರ ಎರಡು ದಿನ

ಬಸುರಿನ ಪರೀಕ್ಷೆಯ ಕಡ್ಡಿಯನ್ನು ತಿಂಡಿ ಕಟ್ಟುವ ಪ್ಲಾಸ್ಟಿಕ್ ಚೀಲದಲ್ಲಿ ತರಬಾರದಿತ್ತು ಎಂದು ಡೆಲಿತ್‌ಗೆ ಹೊಳೆದದ್ದು ಅದನ್ನು ಅಧಿಕಾರಿಯ ಮೇಜಿನ ಮೇಲೆ ಇಟ್ಟ ಮೇಲೆ. ಹದಿನಾಲ್ಕು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ತಟ್ಟೆಗೆ ಬಟಾಣಿ, ಬೇಯಿಸಿದ ಆಲೂಗಡ್ಡೆ ಹಾಕಿದವಳ ಕೈಗೆ ಅವಸರದಲ್ಲಿ ಸಿಕ್ಕುವುದು ಇಂಥ ಚೀಲವೇ. ಅದರ ಮೇಲೆ ತಾರೀಖು ಬರೆಯಲು ಒಂದು ಬಿಳಿ ಪಟ್ಟಿ ಇತ್ತು. ಅವಳು ಅಭ್ಯಾಸಬಲದಿಂದ ತಾರೀಖನ್ನೂ ಬರೆದಿದ್ದಳು. ನಗರಸಭೆಯ ವಸತಿ ವಿಭಾಗದ ರೊಡ್ರಿ ಪ್ಯೂ, ಕೊರಳಲ್ಲಿ ಗುರುತಿನ ಚೀಟಿ, ಚೀಟಿಯಲ್ಲಿ ಈಗಿನದಕ್ಕಿಂತ ಹೆಚ್ಚು ಕೂದಲಿರುವ ರೊಡ್ರಿ ಪ್ಯೂ, ಆ ಚೀಲವನ್ನು ತಾನು ತರಿಸದ ಸ್ಯಾಂಡ್‌ವಿಚ್ಚನ್ನು ನೋಡುವಂತೆ ನೋಡಿದ. ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ಮೆಲ್ಲಗೆ ಅವಳ ಕಡೆಗೇ ತಳ್ಳಿದ. ತಳ್ಳಿದ ಮೇಲೆ ಆ ಪೆನ್ನನ್ನು ಬೇರೆ ಪೆನ್ನುಗಳ ಜೊತೆ ಇಡದೆ ದೂರ ಇಟ್ಟ. ಇಷ್ಟನ್ನೆಲ್ಲ ಅವನು ಬಹಳ ಮರ್ಯಾದೆಯಿಂದ ಮಾಡಿದ. ಮರ್ಯಾದೆ ಕಡಿಮೆಯಿದ್ದಿದ್ದರೆ ಅವಳಿಗೆ ಜಗಳಕ್ಕಾದರೂ ಒಂದು ಹಿಡಿ ಸಿಗುತ್ತಿತ್ತು.

‘ಇದು ನಿಮ್ದೇ ಅಂತ ನನಗೆ ಹೇಗೆ ಗೊತ್ತಾಗ್ಬೇಕು, ಮೇಡಂ?’ ಎಂದ.

‘ಮತ್ಯಾರದ್ದು ಇರುತ್ತೆ? ಮನೇಲಿರೋದು ಮೂರು ಜನ. ನಮ್ಮಕ್ಕಂಗೆ ಐವತ್ಮೂರು. ಭಾವಂಗೆ ಅರವತ್ತು.’

ಅವನು ನಗಲಿಲ್ಲ. ಇಂಥ ಮಾತಿಗೆ ನಗಬಾರದು ಎಂದು ಅವರಿಗೆ ಯಾವುದೋ ತರಬೇತಿಯಲ್ಲಿ ಹೇಳಿಕೊಟ್ಟಿರಬೇಕು. ನಿಯಮ ಅವಳ ಪರವಾಗಿಯೇ ಇದೆ ಎಂದು ಅವನು ವಿವರಿಸಿದ. ಮನೆಯಿಲ್ಲದವರಲ್ಲಿ ಬಸುರಿಯರಿಗೆ ಮೊದಲ ಸಾಲು. ಎಷ್ಟು ತಿಂಗಳಾಗಿರಬೇಕೆಂದು ಕಾನೂನು ಎಲ್ಲಿಯೂ ಹೇಳುವುದಿಲ್ಲ. ಒಂದು ದಿನದ ಬಸುರಿಯೂ ಬಸುರಿಯೇ. ಆದರೆ ದಾಖಲೆ ಬೇಕು. ಇಪ್ಪತ್ತನೆಯ ವಾರ ಕಳೆದ ಮೇಲೆ ಸೂಲಗಿತ್ತಿ ಸಹಿ ಮಾಡಿ ಕೊಡುವ ಹೆರಿಗೆ ರಜೆಯ ಪತ್ರವಾದರೆ ಉತ್ತಮ. ಅದಿಲ್ಲದಿದ್ದರೆ ವೈದ್ಯರದ್ದೊಂದು ಕಾಗದ, ಅದೂ ಇಲ್ಲವಾದರೆ ಸ್ಕ್ಯಾನ್ ವರದಿ. ಡೆಲಿತ್‌ಗೆ ಅಂದಿಗೆ ಆರು ವಾರ. ಅಂದರೆ ಕಾನೂನಿನ ಪ್ರಕಾರ ಅವಳು ಬಸುರಿ, ಕಾನೂನನ್ನು ಜಾರಿ ಮಾಡುವ ಮೇಜಿನ ಪ್ರಕಾರ ಸದ್ಯಕ್ಕೆ ತಿಂಡಿಯ ಚೀಲ ಹಿಡಿದುಕೊಂಡು ಬಂದ ನಲವತ್ತೊಂದು ವರ್ಷದ ಹೆಂಗಸು. ಗೋಡೆಯ ಮೇಲೆ ಅವರದೇ ಭಿತ್ತಿಪತ್ರವಿತ್ತು: ‘ನೀವು ಬಸುರಿಯೇ? ನಮ್ಮೊಡನೆ ಮಾತಾಡಿ.’ ಅದರಲ್ಲಿದ್ದವಳ ಹೊಟ್ಟೆ ಎಷ್ಟು ದೊಡ್ಡದಿತ್ತೆಂದರೆ ಅವಳು ಮಾತಾಡುವ ಅಗತ್ಯವೇ ಇರಲಿಲ್ಲ.

ಅದೇ ಹೊತ್ತಿಗೆ ಅವನು ಎರಡನೆಯ ದಾಖಲೆಯನ್ನು ಬಿಚ್ಚಿದ. ಅದು ಅವಳ ಅಕ್ಕ ಮೈರ್ ಬರೆದ ಪತ್ರ, ಅಂಟಿಸಿದ ಲಕೋಟೆಯಲ್ಲಿ. ಮನೆಯವರು ಹೊರಗೆ ಹಾಕುತ್ತಿದ್ದಾರೆ ಎಂದು ಮನೆಯವರೇ ಬರೆದುಕೊಡದಿದ್ದರೆ ನಗರಸಭೆ ಯಾರನ್ನೂ ಮನೆಯಿಲ್ಲದವರೆಂದು ಒಪ್ಪುವುದಿಲ್ಲ. ಡೆಲಿತ್ ಇದ್ದ ಬಾಡಿಗೆ ಮನೆಯನ್ನು ಮಾಲೀಕ ಮಾರಿದ ಮೇಲೆ ಮೂರು ವಾರಕ್ಕೆಂದು ಅಕ್ಕನ ಮನೆಗೆ ಬಂದವಳು ಎಂಟು ತಿಂಗಳಿಂದ ಅಲ್ಲೇ ಇದ್ದಳು. ಇಸ್ತ್ರಿ ಹಲಗೆಯೂ ಮಡಚುವ ಮಂಚವೂ ಒಟ್ಟಿಗೆ ಬಿಚ್ಚಲಾಗದ ಕೋಣೆ. ಬಸುರಿಗೆ ಕಾರಣನಾದ ಶಾಲೆಯ ಬಸ್ಸಿನ ಚಾಲಕ ಎಮ್ಲಿನ್, ವಿಷಯ ಕೇಳಿದ ಕೂಡಲೆ ಬಸ್ಸಿನ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ‘ಈ ವಯಸ್ಸಲ್ಲಾ?’ ಎಂದಿದ್ದ. ಅದು ಅವಳ ವಯಸ್ಸೋ ತನ್ನದೋ ಎಂದು ಹೇಳಲಿಲ್ಲ. ಮುಂದಿನ ವಾರ ಬೇರೆ ಮಾರ್ಗಕ್ಕೆ ಹೋದ. ಹಾಗಾಗಿ ಪತ್ರ ಬೇಕಾಯಿತು. ಗಟ್ಟಿಯಾಗಿ ಬರಿ ಮೈರ್, ಅಯ್ಯೋ ಪಾಪ ಅನ್ನಿಸೋ ಹಾಗೆ ಬರಿಬೇಡ, ಅವರು ನಂಬಲ್ಲ ಎಂದು ಡೆಲಿತ್ ಹೇಳಿಕೊಟ್ಟಿದ್ದಳು. ಮೈರ್ ಅಡುಗೆಮನೆಯ ಮೇಜಿನ ಮುಂದೆ ಬೆನ್ನು ತಿರುಗಿಸಿ ಕೂತು ಒಂದೇ ಗುಕ್ಕಿನಲ್ಲಿ ಬರೆದು, ಓದಲು ಕೊಡದೆ, ನಾಲಗೆಯಿಂದ ಅಂಟು ಒದ್ದೆ ಮಾಡಿ ಮುಚ್ಚಿದ್ದಳು. ಅವಳೂ ತಮಾಷೆಗೆ ಇಳಿದಿದ್ದಾಳೆ ಎಂದುಕೊಂಡಿದ್ದಳು ಡೆಲಿತ್.

ಪ್ಯೂ ಓದಿದ. ಇನ್ನೊಮ್ಮೆ ಓದಿದ. ಆಮೇಲೆ, ಇದನ್ನು ನೀವು ನೋಡಿದ್ದೀರಾ ಎಂದು ಕೇಳಿ, ಇಲ್ಲವೆಂದಾಗ, ಕಾಗದವನ್ನು ಅವಳ ಕಡೆ ತಿರುಗಿಸಿದ. ಕಡ್ಡಿಗೆ ಉಪಯೋಗಿಸಿದ ಪೆನ್ನಿನಿಂದಲೇ. ಮೈರ್‌ಳ ಅಕ್ಷರ ಚಿಕ್ಕ ಮಕ್ಕಳ ಅಕ್ಷರದಂತೆ ದುಂಡಗಿತ್ತು. ‘ನನ್ನ ತಂಗಿ ಡೆಲಿತ್ ಆರು ವಾರದ ಬಸುರಿ. ಈ ತಿಂಗಳು ಇಪ್ಪತ್ತೆಂಟನೆಯ ತಾರೀಖು ಶುಕ್ರವಾರ ಕಳೆದ ಮೇಲೆ ಅವಳನ್ನು ಈ ಮನೆಯಲ್ಲಿ ಇರಿಸಿಕೊಳ್ಳಲಾರೆ. ಜಾಗ ಇಲ್ಲವೆಂದು ಅಲ್ಲ. ಬೆಳಿಗ್ಗೆ ಅವಳು ಬಚ್ಚಲಿನಲ್ಲಿ ವಾಂತಿ ಮಾಡುವುದು ನನಗೆ ಕೇಳಿಸುತ್ತದೆ. ನಲ್ಲಿ ಬಿಟ್ಟುಕೊಂಡರೂ ಕೇಳಿಸುತ್ತದೆ. ಅದನ್ನು ಇನ್ನು ಏಳು ತಿಂಗಳು ಕೇಳಿಸಿಕೊಂಡು ಇರಲು ನನ್ನಿಂದ ಆಗುವುದಿಲ್ಲ.’ ಕೆಳಗೆ ಸಹಿ. ಸಹಿಯ ಕೆಳಗೆ, ಅಂಗಡಿಯವನಿಗೆ ಬರೆದ ಚೀಟಿಯಂತೆ, ‘ವಂದನೆಗಳು’.

ಪ್ಯೂ ಕಾಗದವನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡ. ಹೊರಹಾಕುವ ವಿಷಯದಲ್ಲಿ ಪತ್ರ ತೃಪ್ತಿಕರವಾಗಿದೆ ಎಂದ. ಹಾಗಾದರೆ ಬಸುರಿನ ವಿಷಯದಲ್ಲಿ ಎಂದು ಡೆಲಿತ್ ಕೇಳಿದಳು. ಅದರಲ್ಲೇ ಬರೆದಿದೆಯಲ್ಲ, ವಾಂತಿ ಸಮೇತ. ಅಕ್ಕಂದಿರ ಹೇಳಿಕೆಯನ್ನು ವೈದ್ಯಕೀಯ ದಾಖಲೆಯೆಂದು ಪರಿಗಣಿಸಲು ಬರುವುದಿಲ್ಲವೆಂದು ಅವನು ವಿಷಾದಿಸಿದ. ನಂತರ, ನಿಜಕ್ಕೂ ಸಹಾಯ ಮಾಡಬೇಕೆಂಬ ಮನಸ್ಸಿನಿಂದಲೇ ಇರಬೇಕು, ಸ್ವಲ್ಪ ಮುಂದೆ ಬಾಗಿ ಹೇಳಿದ: ‘ಇಷ್ಟು ಬೇಗ ಅಂದ್ರೆ ನೋಡಿ, ಇನ್ನೂ ಏನೂ ಇರಲ್ಲ ಅನ್ನೋ ಲೆಕ್ಕ.’

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಇನ್ನೂ ಏನೂ ಇರಲ್ಲ ಅನ್ನೋ ಲೆಕ್ಕ. ಆ ಮಾತು ಪ್ಯೂನದಲ್ಲ, ಅದು ಅವಳದೇ. ಅವಳಿಗೆ ಹದಿನಾರು, ಮೈರ್‌ಗೆ ಇಪ್ಪತ್ತೆಂಟು. ಮೈರ್ ಆಸ್ಪತ್ರೆಯಿಂದ ಬಂದು ಅಮ್ಮನ ಅಡುಗೆಮನೆಯಲ್ಲಿ ಕೋಟು ಬಿಚ್ಚದೆ ಕೂತಿದ್ದಳು. ಗರ್ಭ ಹೋಗಿತ್ತು, ಎರಡನೆಯದೋ ಮೂರನೆಯದೋ. ಅಮ್ಮ ಮೊದಲ ದಿನದಿಂದಲೇ, ಗಟ್ಟಿಯಾಗೋವರೆಗೂ ಯಾರಿಗೂ ಬಾಯಿ ಬಿಡಬೇಡ ಎಂದು ತಾಕೀತು ಮಾಡಿದ್ದರಿಂದ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರ ಬಗ್ಗೆ ಯಾರೂ ಸಂತಾಪ ಸೂಚಿಸುವಂತೆಯೂ ಇರಲಿಲ್ಲ. ಬಹಳ ಅನುಕೂಲವಾದ ಏರ್ಪಾಟು. ಆ ಸಂಜೆ ಡೆಲಿತ್‌ಗೆ ಗೆಳತಿಯರ ಜೊತೆ ಹೋಗಬೇಕಿತ್ತು, ಮೈರ್ ಕೊಡುತ್ತೇನೆಂದಿದ್ದ ಹಸಿರು ಅಂಗಿ ಬೇಕಿತ್ತು, ಕೇಳುವುದು ಹೇಗೆಂದು ತಿಳಿಯದೆ, ಸಮಾಧಾನ ಹೇಳಿ ಆಮೇಲೆ ಕೇಳೋಣವೆಂದುಕೊಂಡು, ಶಾಲೆಯ ಪುಸ್ತಕದಲ್ಲಿ ಓದಿದ್ದನ್ನು ಹೇಳಿದ್ದಳು. ಏಳು ವಾರಕ್ಕೆ ಅದು ಮಗು ಅಂತ ಏನೂ ಅಲ್ಲ ಮೈರ್, ಇನ್ನೂ ಏನೂ ಇರಲ್ಲ. ಮೈರ್ ಅವಳನ್ನು ನೋಡಿದ್ದಳು. ಅಂಗಿ ಬೀರುವಿನ ಬಲಗಡೆ ಇದೆ, ತಗೋ ಎಂದಿದ್ದಳು. ಡೆಲಿತ್ ಕೇಳುವ ಮೊದಲೇ. ಅಂಗಿ ಅಂದು ತನಗೆ ಎಷ್ಟು ಚೆನ್ನಾಗಿ ಒಪ್ಪಿತ್ತು ಎಂಬುದನ್ನು ಈಗಲೂ ಅವಳು ಮರೆತಿಲ್ಲ, ಅದೇ ಹೇಸಿಗೆ.

ಮನೆಗೆ ಬಂದಾಗ ಮೈರ್ ಟವೆಲುಗಳನ್ನು ಮಡಚುತ್ತಿದ್ದಳು. ಭಾವ ಗ್ವಿಲಿಮ್ ಮುಂದಿನ ಕೋಣೆಯಲ್ಲಿ ರಗ್ಬಿ ನೋಡುತ್ತ ಕೆಮ್ಮುತ್ತಿದ್ದ. ಪತ್ರ ಸಾಕಂತಾ ಎಂದು ಮೈರ್ ಕೇಳಿದಳು. ಸಾಕಂತೆ ಎಂದಳು ಡೆಲಿತ್. ಗಟ್ಟಿಯಾಗಿ ಬರಿ ಅಂದಿದ್ದೆ, ಬರೆದೆ ಎಂದಳು ಮೈರ್. ಅಲ್ಲಿಗೆ ಮುಗಿಯಿತು. ಮರುದಿನದಿಂದ ಡೆಲಿತ್ ಬೆಳಿಗ್ಗೆ ಬಚ್ಚಲಿಗೆ ಹೋಗುವುದನ್ನು ಬಿಟ್ಟು, ಕೋಟು ಹಾಕಿಕೊಂಡು ಹಿತ್ತಲಿನ ಕಸದ ಡಬ್ಬಿಯ ಹಿಂದೆ ವಾಂತಿ ಮಾಡತೊಡಗಿದಳು. ಮೂರನೆಯ ದಿನ ಕಸದ ಡಬ್ಬಿಯ ಪಕ್ಕದಲ್ಲಿ ಒಂದು ಬಕೆಟ್ ನೀರೂ ಚೊಂಬಿನಷ್ಟು ದೊಡ್ಡ ಲೋಟವೂ ಬಂದು ಕೂತಿದ್ದವು. ಅದು ಕಾಳಜಿಯೋ, ಹಿತ್ತಲಿನ ಸ್ವಚ್ಛತೆಯೋ, ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಒಂದು ವಾರ ಅವಳು ಸರಿಯಾದ ದಾರಿಯಲ್ಲೇ ನಡೆದಳು. ಚಿಕಿತ್ಸಾಲಯಕ್ಕೆ ಮೂರು ಸಲ ಫೋನು ಮಾಡಿದಳು. ಸೂಲಗಿತ್ತಿಯ ಮೊದಲ ಭೇಟಿ ಹತ್ತನೆಯ ವಾರಕ್ಕೆ. ಅಷ್ಟರಲ್ಲಿ ಇಪ್ಪತ್ತೆಂಟನೆಯ ತಾರೀಖು ಎಂದೋ ಕಳೆದಿರುತ್ತದೆ. ಸೋಮವಾರ ಖುದ್ದು ಹೋಗಿ ನಿಂತಳು. ಸ್ವಾಗತದಲ್ಲಿ ಕೂತಿದ್ದ ಗ್ಲೆನಿಸ್ ಎಂಬವಳು, ಡಾಕ್ಟರು ಈಗ ಬಸುರಿನ ಪರೀಕ್ಷೆ ಮಾಡುವುದನ್ನು ನಿಲ್ಲಿಸಿ ವರ್ಷಗಳಾದುವೆಂದಳು. ಅಂಗಡಿಯ ಕಡ್ಡಿ ಅಷ್ಟು ನಿಖರ, ನೀವು ಬಸುರಿ ಅಂದರೆ ನಾವು ನಂಬುತ್ತೇವೆ. ನಂಬುತ್ತೀರಾದರೆ ಅದನ್ನೇ ಒಂದು ಕಾಗದದಲ್ಲಿ ಬರೆದುಕೊಡಿ ಎಂದಳು ಡೆಲಿತ್. ನಂಬುವುದು ಬೇರೆ, ಬರೆದುಕೊಡುವುದು ಬೇರೆ ಎಂದಳು ಗ್ಲೆನಿಸ್. ನಾವೇ ಪರೀಕ್ಷೆ ಮಾಡದೆ ಬರೆಯುವುದು ಹೇಗೆ? ಹಿಂದೆ ನಿಂತಿದ್ದ ಮುದುಕ ಒಬ್ಬ ತನ್ನ ಮೂತ್ರದ ಶೀಶೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಅವನ ಶೀಶೆಯನ್ನು ಮಾತ್ರ ಯಾರೂ ಯಾರದೆಂದು ಕೇಳುವುದಿಲ್ಲ.

ಗ್ಲೆನಿಸ್ ದನಿ ತಗ್ಗಿಸಿದಳು. ‘ರಕ್ತ ಏನಾದ್ರೂ ಹೋಗ್ತಿದೆಯಾ?’

‘ಹೋಗ್ತಿದ್ರೆ?’

‘ಹೋಗ್ತಿದ್ರೆ ನಾಡಿದ್ದು ಬುಧವಾರವೇ ಆಸ್ಪತ್ರೆಗೆ ಕಳಿಸ್ತೀವಿ. ಸ್ಕ್ಯಾನ್ ಮಾಡಿ ಕೈಗೆ ವರದಿ ಕೊಡ್ತಾರೆ.’

‘ಹೋಗದಿದ್ರೆ?’

‘ಹೋಗದಿದ್ರೆ ಎಲ್ಲಾ ಸರಿಯಾಗಿದೆ ಅಂತಲ್ವಾ. ಸರಿಯಾಗಿರೋದಕ್ಕೆ ಕಾಗದ ಯಾಕೆ?’

ಸ್ವಲ್ಪ ಹೋಗ್ತಿದೆ ಎಂದಳು ಡೆಲಿತ್. ಯಾವ ಬಣ್ಣ ಎಂದು ಗ್ಲೆನಿಸ್ ಕೇಳಿದಾಗ ಅವಳು ತಡವರಿಸಲಿಲ್ಲ. ಕಂದು, ಬೆಳಿಗ್ಗೆಯಿಂದ, ಸೊಂಟದ ಎಡಗಡೆ ಎಳೆತ. ಮಾತುಗಳು ಎಷ್ಟು ಸಲೀಸಾಗಿ ಬಂದವೆಂದರೆ ಅವಳಿಗೇ ಆಶ್ಚರ್ಯವಾಯಿತು. ಗ್ಲೆನಿಸ್ ಎಲ್ಲವನ್ನೂ ಬರೆದುಕೊಂಡು, ಮೊದಲ ಬಾರಿಗೆ ಅವಳನ್ನು ಮನುಷ್ಯಳಂತೆ ನೋಡಿ, ಕೂತ್ಕೋಮ್ಮಾ ಎಂದು ಕುರ್ಚಿ ತೋರಿಸಿದಳು. ರಸ್ತೆಗೆ ಬಂದು ಅರ್ಧ ದಾರಿ ನಡೆದ ಮೇಲೆ ಆ ಮಾತುಗಳು ಎಲ್ಲಿಂದ ಬಂದವೆಂದು ನೆನಪಾಯಿತು. ಅಮ್ಮನ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡವು. ಮೈರ್ ಅಮ್ಮನಿಗೆ ಹೇಳಿದವು, ಅದೇ ಕ್ರಮದಲ್ಲಿ. ಅಂಗಿಯ ಹಾಗೆ ಅದನ್ನೂ ಎರವಲು ತೆಗೆದುಕೊಂಡಿದ್ದಳು.

ಮಂಗಳವಾರ ಆಸ್ಪತ್ರೆಯವರು ಮನೆಯ ಫೋನಿಗೇ ಕರೆಮಾಡಿದರು. ಎತ್ತಿದವಳು ಮೈರ್. ರಕ್ತ ಹೆಚ್ಚಾದರೆ ಕಾಯದೆ ಬರಲಿ, ಜೊತೆಗೆ ಯಾರಾದರೂ ಇರಲಿ ಎಂದರಂತೆ. ಡೆಲಿತ್ ಶಾಲೆಯಿಂದ ಬರುವಷ್ಟರಲ್ಲಿ ಮಡಚುವ ಮಂಚಕ್ಕೆ ಹೊಸ ಹೊದಿಕೆ ಹಾಕಿತ್ತು, ಇಸ್ತ್ರಿ ಹಲಗೆ ಕೋಣೆಯಿಂದ ಹೊರಗೆ ಹೋಗಿತ್ತು. ಮೈರ್ ಒಂದೂ ಪ್ರಶ್ನೆ ಕೇಳದೆ ಅವಳನ್ನು ಮಲಗಿಸಿ ಕಾಲಿನ ಕೆಳಗೆ ಎರಡು ದಿಂಬು ಇಟ್ಟಳು. ಗ್ವಿಲಿಮ್ ಕೂಡ ಬಾಗಿಲಲ್ಲಿ ಇಣುಕಿ, ಏನೋ ಹೇಳಬೇಕೆಂದು ನಿಂತು, ನಾಳೆ ಬಿಸಿಲು ಬರುತ್ತಂತೆ ಎಂದು ಹೇಳಿ ಹೋದ. ಈಗ ಹೇಳಿಬಿಡಬೇಕು ಎಂದು ಡೆಲಿತ್ ಅಂದುಕೊಂಡಳು. ದಿಂಬು ಬಹಳ ಹಿತವಾಗಿತ್ತು. ಸೂಪು ಬಂದ ಮೇಲೆ ಹೇಳೋಣ ಅಂದುಕೊಂಡಳು. ಸೂಪು ಕುಡಿದಾದ ಮೇಲೆ ಹೇಳುವುದು ಸೂಪಿಗಾಗಿ ಕಾದಂತೆ ಆಗುತ್ತದೆ ಎನ್ನಿಸಿತು. ಬೆಳಿಗ್ಗೆ ಮೈರ್ ಚಳಿಗಾಲದ ಕೋಟು ಹಾಕಿ, ಚೀಲದಲ್ಲಿ ಟವೆಲು, ಬದಲಿ ಒಳಉಡುಪು, ಚಹಾದ ಫ್ಲಾಸ್ಕು ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಷ್ಟನ್ನೂ ಅವಳು ಹುಡುಕದೆ ತುಂಬಿದ್ದಳು, ಯಾವುದರ ಮೇಲೆ ಯಾವುದು ಇರಬೇಕೆಂದು ಕೈಗೇ ಗೊತ್ತಿದ್ದಂತೆ.

ಕಾಯುವ ಕೋಣೆಯಲ್ಲಿ ಆರು ಹೆಂಗಸರು. ಒಬ್ಬೊಬ್ಬರ ಪಕ್ಕದಲ್ಲೂ ಒಂದು ಖಾಲಿ ಕುರ್ಚಿ ಬಿಟ್ಟು ಕೂತಿದ್ದರು. ಇಪ್ಪತ್ತು ದಾಟಿರದ ಹುಡುಗಿಯೊಬ್ಬಳು ಕುಳಿತಲ್ಲಿಂದ ಎದ್ದಾಗೆಲ್ಲ ತಿರುಗಿ ಕುರ್ಚಿಯನ್ನು ನೋಡುತ್ತಿದ್ದಳು. ಅವಳ ಕಣ್ಣಿಗೆ ಬೀಳಬಾರದೆಂದು ಡೆಲಿತ್ ನೆಲ ನೋಡುತ್ತ ಕೂತಳು; ಅಷ್ಟು ನಿಜವಾದ ಭಯದ ಮಧ್ಯೆ ತನ್ನ ಸುಳ್ಳು ಮೂಗಿಗೆ ಬಡಿಯುವ ವಾಸನೆಯಂತೆ ಎಲ್ಲರಿಗೂ ತಿಳಿಯುತ್ತಿರಬೇಕು. ಆದರೆ ಎದುರಿನ ಹೆಂಗಸು ಅವಳ ತಗ್ಗಿದ ತಲೆ ನೋಡಿ ಒಂದು ಕಾಗದದ ಕರವಸ್ತ್ರ ಚಾಚಿದಳು. ತೆಗೆದುಕೊಳ್ಳದೆ ವಿಧಿಯಿರಲಿಲ್ಲ. ಮೈರ್ ಅವಳ ಇನ್ನೊಂದು ಕೈಯನ್ನು ಹಿಡಿದು ತನ್ನ ಕೋಟಿನ ಜೇಬಿನೊಳಕ್ಕೆ ಹಾಕಿಕೊಂಡಳು, ಚಿಕ್ಕಂದಿನಲ್ಲಿ ಶಾಲೆಗೆ ಕರೆದುಕೊಂಡು ಹೋಗುವಾಗ ಮಾಡುತ್ತಿದ್ದಂತೆ. ಇಪ್ಪತ್ತೈದು ವರ್ಷದಿಂದ ಬಾಯಿಬಿಡದವಳು, ಎದುರಿನ ಗೋಡೆಯ ಗಡಿಯಾರಕ್ಕೆ ಹೇಳುವಂತೆ ಮಾತಾಡತೊಡಗಿದಳು.

ಆಗ ಈ ಕೋಣೆ ಇರಲಿಲ್ಲ ಎಂದಳು. ಹೆತ್ತವರ ವಾರ್ಡಿನ ಪಕ್ಕದಲ್ಲೇ ಕೂರಿಸುತ್ತಿದ್ದರು, ಮಕ್ಕಳು ಅಳುವುದು ಕೇಳಿಸುತ್ತಿತ್ತು. ಕೈಗೆ ಒಂದು ಕಾಗದ ಅಂತ ಕೊಡಲಿಲ್ಲ. ಗರ್ಭ ಇತ್ತು ಅಂತಲೂ ಇಲ್ಲ, ಹೋಯಿತು ಅಂತಲೂ ಇಲ್ಲ. ಆಮೇಲೆ ನನಗೇ ಅನುಮಾನ ಬರುತ್ತಿತ್ತು, ನಾನೇ ಕಟ್ಟಿಕೊಂಡ ಕತೆಯೇನೋ ಅಂತ. ಮೊದಲನೆಯವನನ್ನು ಓವೈನ್ ಅಂತ ಕರೀತಿದ್ದೆ. ಎರಡನೆಯದು ಹುಡುಗಿ ಅಂತ ನನಗೆ ಅನ್ನಿಸಿತ್ತು, ಟೆಗನ್. ಮೂರನೆಯದಕ್ಕೆ ಹೆಸರಿಡೋಕೆ ಹೆದರಿಕೆಯಾಯಿತು. ಹೆಸರಿಡುವುದರಿಂದಲೇ ಹೀಗಾಗುತ್ತಿದೆ ಅನ್ನಿಸಿತು. ಗ್ವಿಲಿಮ್‌ಗೂ ಹೇಳಿಲ್ಲ ಇದನ್ನ. ನಿಂದೇನಾದ್ರೂ ಇವತ್ತು ಹೆಚ್ಚುಕಡಿಮೆಯಾದ್ರೆ ಡೆಲಿತ್, ನೀನು ಹೆಸರಿಡು. ಯಾರು ಏನಂದ್ರೂ ಇಡು.

ಮೈರ್, ನಾನು... ಎಂದು ಡೆಲಿತ್ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಹೆಸರು ಕೂಗಿದರು. ತನಗೆ ಹೇಳುವ ಮನಸ್ಸು ನಿಜವಾಗಿ ಇತ್ತೋ, ಹೆಸರು ಕೂಗುವುದು ಕಿವಿಗೆ ಬಿದ್ದ ಮೇಲೆಯೇ ಬಾಯಿ ತೆರೆದೆನೋ ಎಂದು ಅವಳು ಮುಂದೆ ಎಷ್ಟೋ ಸಲ ಯೋಚಿಸಿದ್ದಾಳೆ.

ಕತ್ತಲ ಕೋಣೆ. ಹೊಟ್ಟೆಯ ಮೇಲೆ ತಣ್ಣನೆಯ ಅಂಟು. ಯಂತ್ರದ ಮುಂದಿದ್ದ ಹೆಂಗಸು ಮೊದಲು ತೆರೆಯನ್ನು ತನ್ನ ಕಡೆಗೆ ಮಾತ್ರ ತಿರುಗಿಸಿಕೊಂಡಿದ್ದಳು. ಆಮೇಲೆ ಅವರ ಕಡೆ ತಿರುಗಿಸಿದಳು. ಬೂದು ಬಣ್ಣದ ಗುಳಿಯೊಳಗೆ ಅಕ್ಕಿಕಾಳಿನಷ್ಟು ಬೆಳಕು, ಆ ಬೆಳಕಿನ ನಡುವೆ ಏನೋ ಒಂದು ಅವಸರ ಅವಸರವಾಗಿ ಮಿನುಗುತ್ತಿತ್ತು. ಏಳು ವಾರ ಎರಡು ದಿನ ಎಂದಳು ಆ ಹೆಂಗಸು, ಬಡಿತ ಚೆನ್ನಾಗಿದೆ. ಮೈರ್ ಕುರ್ಚಿಯಿಂದ ಎದ್ದು ತೆರೆಯ ಹತ್ತಿರಕ್ಕೆ ಹೋದಳು. ‘ಅದು ಅದೇನಾ?’ ಎಂದು ಕೇಳಿದಳು. ಅದೇ ಎಂದಳು ಅವಳು. ‘ಇಷ್ಟು ಬೇಗ್ಲೇ ಹೊಡ್ಕೊಳ್ತಿರುತ್ತಾ?’ ಇನ್ನೂ ಒಂದು ವಾರ ಮೊದಲಿಂದಲೇ ಎಂದಳು. ಮೈರ್ ತಲೆಯಾಡಿಸಿದಳು. ಮೂರು ಸಲ ಯಾವುದೋ ಲೆಕ್ಕ ಸರಿಹೋದಂತೆ ತಲೆಯಾಡಿಸಿದಳು. ಆಗಲೇ ಆ ಹೆಂಗಸು ಚಿಕಿತ್ಸಾಲಯದ ಚೀಟಿ ನೋಡಿ, ಹುಬ್ಬು ಗಂಟಿಕ್ಕಿ, ರಕ್ತಸ್ರಾವದ ಗುರುತು ಎಲ್ಲೂ ಕಾಣುತ್ತಿಲ್ಲವಲ್ಲ, ಯಾವಾಗ ನಿಂತಿತು ಎಂದು ಕೇಳಿದ್ದು.

ಡೆಲಿತ್ ಚಾವಣಿ ನೋಡಿದಳು. ಕೊನೆಗೆ ಆ ಹೆಂಗಸೇ, ಕೆಲವರಿಗೆ ತಾನಾಗಿ ನಿಲ್ಲುತ್ತದೆ ಎಂದು ಬರೆದುಕೊಂಡು ವರದಿ ಮುದ್ರಿಸಿದಳು. ಮುದ್ರಣಯಂತ್ರ ಆ ಕಾಗದವನ್ನು ಬಿಸಿಬಿಸಿಯಾಗಿ ಹೊರಗೆ ಹಾಕಿತು: ಹೆಸರು, ಜನ್ಮದಿನಾಂಕ, ವಾರ, ದಿನ, ಮುದ್ರೆ. ನಗರಸಭೆಗೆ ಬೇಕಾದದ್ದೆಲ್ಲ ಅದರಲ್ಲಿತ್ತು.

ಆಸ್ಪತ್ರೆಯ ಪಡಸಾಲೆಯಲ್ಲಿ ಮೈರ್ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕಿಕೊಂಡಳು. ಕೊರಳವರೆಗೂ.

‘ರಕ್ತ ಹೋಗೇ ಇಲ್ಲ, ಅಲ್ವಾ?’

‘ಇಲ್ಲ.’

‘ಬಸ್ಸಲ್ಲಿ ಬರ್ತಾನೇ ಹೇಳಿದ್ರೆ ಆಗ್ತಿತ್ತಲ್ಲೇ,’ ಎಂದಳು ಮೈರ್. ದನಿಯಲ್ಲಿ ಸಿಟ್ಟಿರಲಿಲ್ಲ. ‘ಜೊತೆಗೆ ಬರ್ತಿದ್ದೆ. ಕೂತ್ಕೊಳ್ತಿದ್ದೆ. ಹೆಸರು ಮಾತ್ರ ಹೇಳ್ತಿರ್ಲಿಲ್ಲ.’

ಅಂದಿನಿಂದ ಸೋಮವಾರದವರೆಗೆ ಆ ಮನೆಯಲ್ಲಿ ಎಲ್ಲವೂ ಕ್ರಮವಾಗಿಯೇ ನಡೆಯಿತು. ಊಟವಿತ್ತು. ಹಿತ್ತಲಲ್ಲಿ ಬಕೆಟ್ಟಿತ್ತು. ಮಾತಿರಲಿಲ್ಲ. ಸೋಮವಾರ ಇಪ್ಪತ್ತನಾಲ್ಕನೆಯ ತಾರೀಖು ಡೆಲಿತ್ ವರದಿಯನ್ನು ಪ್ಯೂನ ಮೇಜಿನ ಮೇಲಿಟ್ಟಳು, ಈ ಸಲ ಕಂದು ಲಕೋಟೆಯಲ್ಲಿ. ಅವನು ಕೈಯಲ್ಲೇ ಎತ್ತಿಕೊಂಡ. ಓದಿ, ಮುಖ ಅರಳಿಸಿ, ಅಭಿನಂದನೆಗಳು ಎಂದ. ಈ ಮಗುವಿನ ವಿಷಯವಾಗಿ ಅವಳಿಗೆ ಆ ಮಾತು ಹೇಳಿದ ಮೊದಲ ಮನುಷ್ಯ ಅವನೇ ಎಂಬುದನ್ನು ನೆನೆದು ಅವಳಿಗೆ ನಗು ಬಂತು. ಇನ್ನು ಉಳಿದಿರುವುದು ಒಂದೇ ಎಂದ ಅವನು. ಹೊರಹಾಕುವ ಪತ್ರ ಬರೆದವರು ಮನಸ್ಸು ಬದಲಾಯಿಸಿದ್ದಾರೆಯೇ ಎಂದು ಕರೆಮಾಡಿ ಖಚಿತಪಡಿಸಿಕೊಳ್ಳಬೇಕು. ಅಕ್ಕತಂಗಿಯರು ರಾಜಿಯಾಗುವುದು ಬಹಳ ಸಾಮಾನ್ಯ, ಆದರೆ ಅರ್ಜಿ ಅಲ್ಲಿಗೆ ವಜಾ. ಅವಳು ಏನಾದರೂ ಹೇಳುವ ಮೊದಲೇ ಅವನು ಅಂಕಿಗಳನ್ನು ಒತ್ತಿ, ಇಬ್ಬರಿಗೂ ಕೇಳಿಸುವಂತೆ ಫೋನನ್ನು ಮಧ್ಯದಲ್ಲಿಟ್ಟ.

ಫೋನು ಮೂರನೆಯ ಸಲ ಹೊಡೆದುಕೊಂಡಾಗ ಮೈರ್ ಎತ್ತಿದಳು. ಹಿಂದೆ ಗ್ವಿಲಿಮ್‌ನ ಕೆಮ್ಮು. ಪ್ಯೂ ತನ್ನ ಪರಿಚಯ ಹೇಳಿ, ನಿಮ್ಮ ತಂಗಿ ಇಲ್ಲೇ ಇದ್ದಾರೆ, ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಿಯಮದಂತೆ ತಿಳಿಸಿ, ಶುಕ್ರವಾರದ ನಿರ್ಧಾರದಲ್ಲಿ ಏನಾದರೂ ಬದಲಾವಣೆ ಇದೆಯೇ ಎಂದು ಕೇಳಿದ.

ಡೆಲಿತ್ ಮೇಜಿನ ಅಂಚನ್ನು ಹಿಡಿದುಕೊಂಡಳು. ಬದಲಾಗಿದೆ ಎಂದುಬಿಡು ಎಂದು ಅವಳ ಒಳಗೆ ಯಾರೋ ಕೂಗುತ್ತಿದ್ದರು. ಆ ಯಾರೋ ಹದಿನಾರು ವರ್ಷದವಳು. ಬದಲಾಗಿಲ್ಲ ಅನ್ನು, ಇಷ್ಟೆಲ್ಲ ಮಾಡಿದ್ದೇನೆ ಎಂದು ಇನ್ನೊಬ್ಬಳು.

‘ಬದಲಾಗಿಲ್ಲ,’ ಎಂದಳು ಮೈರ್. ‘ಶುಕ್ರವಾರ ಅಂದ್ರೆ ಶುಕ್ರವಾರ.’

ಅದು ಸಹಾಯವೋ, ಶಿಕ್ಷೆಯೋ. ಆ ದನಿಯನ್ನು ಹುಟ್ಟಿದಂದಿನಿಂದ ಕೇಳಿದ್ದರೂ ಅವಳಿಗೆ ಗೊತ್ತಾಗಲಿಲ್ಲ. ಪ್ಯೂ ಸಂತೋಷದಿಂದ ಗುರುತು ಹಾಕಿ, ವಂದನೆ ಹೇಳಿ ಇಡಲು ಕೈ ಚಾಚಿದ.

‘ಅವಳಿಗೆ ಕೊಡೋ ಕೋಣೆ ಎಷ್ಟನೇ ಮಹಡಿ?’ ಎಂದು ಕೇಳಿದಳು ಮೈರ್.

ಸದ್ಯಕ್ಕೆ ತಾತ್ಕಾಲಿಕ ವಸತಿಗೃಹದ ಮೂರನೆಯ ಮಹಡಿಯಲ್ಲಿ ಒಂದು ಖಾಲಿಯಿದೆ ಎಂದ ಪ್ಯೂ.

‘ಮೂರನೇದು ಬೇಡ. ಮೊದಲ ಮೂರು ತಿಂಗಳು ಮೆಟ್ಟಿಲು ಹತ್ತಿಸ್ಬಾರ್ದು. ಕೆಳಗಡೆ ಕೊಡಿ.’

ಕೆಳಮಹಡಿ ಬೇಕೆಂದರೆ ಅದಕ್ಕೆ ವೈದ್ಯಕೀಯ ಕಾರಣದ ಪತ್ರ ಬೇಕಾಗುತ್ತದೆ ಎಂದು ಅವನು ವಿಷಾದಿಸತೊಡಗಿದ.

‘ಪತ್ರ ನನ್ನ ಹತ್ರ ಇಲ್ಲ,’ ಎಂದಳು ಮೈರ್. ‘ನನಗೆ ಮೂರು ಹೋಗಿವೆ. ಬರ್ಕೊಳ್ಳಿ. ಮೂರೂ ಮೆಟ್ಟಿಲಿರೋ ಮನೇಲಿದ್ದಾಗಲೇ. ಮೆಟ್ಟಿಲಿಂದಲೇ ಹೋದ್ವು ಅಂತ ಯಾರೂ ಹೇಳಿಲ್ಲ, ಅಲ್ಲ ಅಂತಲೂ ಯಾರೂ ಹೇಳಿಲ್ಲ. ಬರ್ಕೊಂಡ್ರಾ?’

ಪ್ಯೂ ಡೆಲಿತ್‌ಳ ಮುಖ ನೋಡಿದ. ಅವಳು ಅವನ ಕೈಯಲ್ಲಿದ್ದ ಪೆನ್ನನ್ನು ನೋಡುತ್ತಿದ್ದಳು. ಬರೆದುಕೊಂಡರಾ ಎಂದು ಮೈರ್ ಇನ್ನೊಮ್ಮೆ ಕೇಳಿದಳು. ಅವನು ಇತರೆ ವಿವರ ಎಂಬ ಖಾನೆಯನ್ನು ಹುಡುಕಿ, ಪೆನ್ನು ಊರಿ, ಬರೆಯತೊಡಗಿದ.